ಹಿಟ್ಟಿನ ಡಬ್ಬಿಯೊಳಗಿನ ಕೇರೆ

ಹರಿದ ರೊಟ್ಟಿಯನ್ನು ಯಾರು ಉಣ್ಣಬೇಕು ಎಂಬುದಕ್ಕೆ ಮಲ್ಲವ್ವನ ಮನೆಯಲ್ಲಿ ಒಂದು ಕಾಯದೆ ಇತ್ತು. ಯಾರ ಕೈಯಲ್ಲಿ ಹರಿಯಿತೋ ಅವರೇ ಉಣ್ಣಬೇಕು.

ಕಾಯದೆ ಮಾಡಿದವಳು ಮಲ್ಲವ್ವನ ಅತ್ತೆ. ಆಕೆ ವಿಜಾಪುರದ ಕಡೆಯಿಂದ ಬಂದು ಗೋರೆಗಾಂವದಲ್ಲಿ, ಆರೆ ಕಾಡಿಗೆ ಬೆನ್ನು ಹಚ್ಚಿದ ಚಾಳಿನಲ್ಲಿ, ಕೆಳಗಿನ ಸಾಲಿನ ಒಂದು ಖೋಲಿ ಹಿಡಿದವಳು. ಸ್ಟೇಷನ್ ಹತ್ತಿರದ ಖಾನಾವಳಿಗೆ ಜೋಳದ ರೊಟ್ಟಿ ತಟ್ಟಿಕೊಡುವ ಉದ್ಯೋಗ ಹೂಡಿದ್ದೂ ಆಕೆಯೇ. ದುಂಡಗೆ ತೆಳ್ಳಗೆ ಉಬ್ಬಿದ ರೊಟ್ಟಿ ಖಾನಾವಳಿಗೆ, ಅದಕ್ಕಿಂತ ಒಂದು ಕೈ ಕಡಿಮೆಯಾದದ್ದು ಮನೆಯ ಗಂಡಸರಿಗೆ, ಹರಿದದ್ದು, ತೂತು ಬಿದ್ದದ್ದು, ಹೊತ್ತಿದ್ದು ತಟ್ಟಿದವಳಿಗೆ. "ತನ್ನ ಕೈ ತಪ್ಪು ತನ್ನ ಹೊಟ್ಟಿಗೆ" ಅನ್ನುತ್ತಿದ್ದಳು ಮುದುಕಿ. ಆಕೆ ಸತ್ತು ಹನ್ನೆರಡು ವರ್ಷವಾದರೂ ಆ ಮಾತು ಒಲೆಯ ಹತ್ತಿರವೇ ಕೂತಿತ್ತು.

ಈಗ ಮಲ್ಲವ್ವನಿಗೆ ಐವತ್ತನಾಲ್ಕು. ಹೆಬ್ಬೆರಳಿನ ಸಂದು ನೋಯುತ್ತದೆ, ಅಂಚು ತಟ್ಟುವಾಗ ಕೈ ನಡುಗುತ್ತದೆ. ಹೀಗಾಗಿ ದಿನಾ ಅವಳ ಪಾಲಿಗೆ ನಾಲ್ಕಾರು ಹರಿದ ರೊಟ್ಟಿ ಇದ್ದೇ ಇರುತ್ತವೆ, ಹೊಟ್ಟೆ ತುಂಬುತ್ತದೆ. ಪಕ್ಕದ ಒಲೆಯ ಮುಂದೆ ಕೂತು ತಟ್ಟುವವಳು ಸೊಸೆ ಶೀತಲ. ಚೆಂಬೂರಿನ ಕಾಲೊನಿಯಲ್ಲಿ ಬೆಳೆದು ಹನ್ನೆರಡನೆಯ ಇಯತ್ತೆ ಓದಿದ ಹುಡುಗಿ. ಮದುವೆಯಾದ ಹೊಸದರಲ್ಲಿ ಅವಳು ತಟ್ಟಿದ್ದರಲ್ಲಿ ಅರ್ಧಕ್ಕರ್ಧ ಹರಿಯುತ್ತಿದ್ದವು. "ಹರೀಬ್ಯಾಡವ್ವಾ, ಕೈ ಹಗುರ ಬಿಡು, ಹರೀಬ್ಯಾಡ" ಎಂದು ಮಲ್ಲವ್ವ ಹೇಳಿದ್ದೇ ಹೇಳಿದ್ದು. ಎರಡು ವರ್ಷದಲ್ಲಿ ಶೀತಲಳ ಕೈ ಕುದುರಿತು. ಆಮೇಲೆ ಒಂದೂ ಹರಿಯಲೊಲ್ಲದು.

ಮಲ್ಲವ್ವನಿಗೆ ಅದೊಂದು ಹೆಮ್ಮೆ. ನಳದ ಹತ್ತಿರ ಕೊಡ ಇಟ್ಟು ನಿಂತಾಗ ಹೇಳಿಕೊಂಡಿದ್ದಳು: "ನಮ್ಮ ಸೊಸಿ ಕೈಯಾಗ ಒಂದ ರೊಟ್ಟಿ ಹರಿಯಂಗಿಲ್ಲ ನೋಡ್ರಿ."

"ಹಂಗಾರ ಆಕಿ ಉಣ್ಣೂದೇನು?" ಎಂದಿದ್ದಳು ಎದುರು ಖೋಲಿಯ ಕಸ್ತೂರಿಬಾಯಿ. ನಳದ ಹತ್ತಿರ ಎಲ್ಲರೂ ನಕ್ಕರು. ಮಲ್ಲವ್ವನೂ ನಕ್ಕಳು.

ಆ ಬೇಸಿಗೆಯಲ್ಲಿ ಬಸುರಾದ ಶೀತಲಳಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಗರ್ಭ ಇಳಿದುಹೋಯಿತು. ಮೈಯಲ್ಲಿ ರಕ್ತ ಕಡಿಮೆ ಎಂದು ಡಾಕ್ಟರು ಗುಳಿಗೆ ಬರೆದುಕೊಟ್ಟರು. ಮಲ್ಲವ್ವ ದಿನಾ ತಪ್ಪದೆ ಗುಳಿಗೆ ಕೊಟ್ಟಳು, ನೀರಿನ ಲೋಟವನ್ನೂ ತಾನೇ ಹಿಡಿದಳು. ಹೊಟ್ಟೆಗೆ ಏನು ಹಾಕುತ್ತೀರಿ ಎಂದು ಡಾಕ್ಟರು ಕೇಳಲಿಲ್ಲ, ಇವಳೂ ಹೇಳಲಿಲ್ಲ. ಹೇಳುವಂಥದ್ದು ಏನಾದರೂ ಇದೆ ಎಂದು ಅವಳಿಗೆ ಹೊಳೆದಿರಲೂ ಇಲ್ಲ.

ಅಂದಿನಿಂದ ಶೀತಲ ಮಾತು ಬಿಟ್ಟಳು. ಕೇಳಿದರೆ ಹೂಂ, ಇಲ್ಲ. ಶ್ರಾವಣ ಬರುವ ಹೊತ್ತಿಗೆ ಚೆಂಬೂರಿನಿಂದ ಅವಳ ತಾಯಿ ರುಕ್ಮಿಣಿಬಾಯಿಯ ಫೋನು ಬಂತು. "ಪಂಚಮಿಗೆ ಸುಭಾಷನ್ನ ಕಳಸ್ತೀನ್ರಿ ಬೀಗತೀ. ತಂಗೀನ ಕರಕೊಂಡು ಬರ್ತಾನ. ಹ್ಯಾಂಗ ಅದಾಳ ನಾ ಕಣ್ಣೀಲೆ ನೋಡ್ತೀನಿ. ತಿರುಗಿ ಕಳಸೂದು ಬಿಡೂದು ಆಮ್ಯಾಲಿನ ಮಾತು."

ಆ ಕೊನೆಯ ಮಾತು ಮಲ್ಲವ್ವನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಪಂಚಮಿಗೆ ಹೋದ ಹೆಣ್ಣುಮಗಳು ತಿರುಗಿ ಬರುತ್ತಾಳೋ ಇಲ್ಲವೋ ಎಂಬುದು ಈವರೆಗೆ ಯಾರೂ ಕೇಳುವ ಸಂಗತಿಯೇ ಆಗಿರಲಿಲ್ಲ. ಪಂಚಮಿಗೆ ಇನ್ನು ಐದು ದಿನವಿತ್ತು.

ಅಂದು ಮಧ್ಯಾಹ್ನವೇ ಹಾವು ಸಿಕ್ಕಿತು.

ಜೋಳದ ಚೀಲಕ್ಕೆ ಇಲಿ ಬೀಳುತ್ತವೆ ಎಂದು ಮಗ ಸಂತು, ಶೀತಲಳ ಗಂಡ, ಫಿಲ್ಮ್‌ಸಿಟಿಯಲ್ಲಿ ಲೈಟಿನ ಕೆಲಸ ಮಾಡುವವನು, ಅಂಟಿನ ಹಲಗೆ ತಂದು ಮೂಲೆ ಮೂಲೆಗೆ ಇಟ್ಟಿದ್ದ. ಒಂದು ತಿಂಗಳಲ್ಲಿ ಇಲಿಗಳ ಸದ್ದೇ ಅಡಗಿತ್ತು. ಆ ಮಧ್ಯಾಹ್ನ ಚೀಲದ ಹಿಂದೆ ಕಾಗದ ಎಳೆದಂಥ ಸದ್ದಾಯಿತು. ಇಣುಕಿದ ಶೀತಲ, ಮೂರು ತಿಂಗಳಲ್ಲಿ ಮೊದಲ ಸಲ ಗಟ್ಟಿಯಾಗಿ ಕೂಗಿದಳು.

"ಅತ್ತೀ, ಜಲ್ದಿ ಬರ್ರಿ! ಹಾವು ಚಿಪಕ್ಯೈತಿ!"

ಮಾರುದ್ದದ ಹಾವು. ಅರ್ಧ ಮೈ ಹಲಗೆಗೆ ಅಂಟಿಕೊಂಡಿತ್ತು. ತಲೆ ಎತ್ತಲು ನೋಡಿ ಆಗದೆ ಮತ್ತೆ ನೆಲಕ್ಕಿಟ್ಟಿತು. ಮಲ್ಲವ್ವ ಒಲೆಯ ಹತ್ತಿರದ ಕೋಲು ಹುಡುಕಿದಳು.

"ಬ್ಯಾಡ್ರಿ. ಹೊಡೀಬ್ಯಾಡ್ರಿ" ಎಂದಳು ಶೀತಲ. "ಅದಕ್ಕ ಶಕ್ತೀನ ಇಲ್ಲ, ನೋಡ್ರಿ ಅದರ ಮಾರಿ."

ಹಾವಿನ ಮುಖದಲ್ಲಿ ಅವಳಿಗೆ ಏನು ಕಂಡಿತೋ. ಮಲ್ಲವ್ವ ಕೋಲು ಬಿಟ್ಟಳು. ಮೂರು ತಿಂಗಳ ಮೇಲೆ ಈ ಹುಡುಗಿ ಒಂದು ಬೇಡಿಕೆ ಇಟ್ಟಿದ್ದಾಳೆ, ಅದು ಹಾವಿನದಾದರೂ ಆಗಲಿ.

ಆರೆಗೆ ಹತ್ತಿದ ಚಾಳುಗಳಲ್ಲಿ ಪ್ಲಂಬರನ ನಂಬರಿನ ಪಕ್ಕದಲ್ಲೇ ಸರ್ಪಮಿತ್ರನ ನಂಬರೂ ಗೋಡೆಯ ಮೇಲಿರುತ್ತದೆ. ಇವರ ಗೋಡೆಯ ಮೇಲಿದ್ದದ್ದು ಸಂದೀಪನದು. ಬಸ್ ಕಂಡಕ್ಟರು, ತಲೆ ನರೆತ ಮನುಷ್ಯ, ಬಿಡುವಿದ್ದಾಗ ಹಾವು ಹಿಡಿದು ಕಾಡಿಗೆ ಬಿಡುವವನು. ಆದರೆ ಅಂದು ಆಕಾಶ ಹರಿದಂತೆ ಮಳೆ. ಅವನು ದಹಿಸರ್‌ನಲ್ಲಿ ಸಿಕ್ಕಿಬಿದ್ದಿದ್ದ, ಹಳಿಯ ಮೇಲೆ ನೀರು, ಲೋಕಲ್ ಬಂದ್. ವಿಡಿಯೊ ಕಾಲ್‌ನಲ್ಲೇ ನೋಡಿದ. "ಧಾಮಣ್ ಹೈ, ಬೆಹನ್. ಜಹರ್ ನಹೀ. ಡರೋ ಮತ್."

"ಕೇರೆ ಹಾವಂತ ಅತ್ತಿ. ವಿಷ ಇಲ್ಲಂತ" ಎಂದು ಶೀತಲ ಕನ್ನಡ ಮಾಡಿದಳು.

ಅಂಟು ಬಿಡಿಸಲು ಎಣ್ಣೆ ಹಚ್ಚಿರಿ ಎಂದ ಸಂದೀಪ. ಮಲ್ಲವ್ವ ಶೇಂಗಾ ಎಣ್ಣೆಯ ಬಟ್ಟಲು ತಂದಳು. ಒಂದು ಕಾಲಕ್ಕೆ ಈ ಚಾಳಿನ ಅರ್ಧ ಕೂಸುಗಳಿಗೆ ಎಣ್ಣೆ ಹಚ್ಚಿ ಎರೆದವಳು ಅವಳೇ. ಶೀತಲ ಅರಿವೆಯಲ್ಲಿ ಹಾವಿನ ತಲೆ ಮೆತ್ತಗೆ ಹಿಡಿದಳು, ಮಲ್ಲವ್ವ ಬೊಟ್ಟಿನಲ್ಲಿ ಎಣ್ಣೆ ಬಿಡುತ್ತ, ಹಲಗೆಯಿಂದ ಒಂದೊಂದು ಗೇಣು ಬಿಡಿಸುತ್ತ ಹೋದಳು. ಒಂದು ತಾಸು ಹಿಡಿಯಿತು. ಹಾವು ಒಮ್ಮೆಯೂ ಕಚ್ಚಲು ನೋಡಲಿಲ್ಲ. ಅದೇ ಕೆಟ್ಟ ಲಕ್ಷಣ ಎಂದ ಸಂದೀಪ. ಮೈಯಲ್ಲಿ ಕಸುವಿದ್ದ ಧಾಮಣ್ ನಿಮ್ಮನ್ನು ಇಷ್ಟು ಹೊತ್ತು ಸುಮ್ಮನೆ ಬಿಡುತ್ತಿರಲಿಲ್ಲ.

ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಹಾವಿನ ಬೆನ್ನು ನೋಡಿ. ಹೊಟ್ಟೆಗೆ ಸಿಕ್ಕ ಹಾವಿನ ಬೆನ್ನು ದುಂಡಗೆ ಹಗ್ಗದಂತಿರುತ್ತದೆ. ಇದರದು ಮನೆಯ ಛಾವಣಿಯಂತೆ ಎರಡೂ ಕಡೆ ಇಳಿಜಾರಾಗಿದೆ, ನಡುವೆ ಎಲುಬಿನ ಏಣು ಎದ್ದಿದೆ. ಬಹಳ ದಿನದ ಹಸಿವು. ಇಲಿಯೇ ಇಲ್ಲದ ಜಾಗದಲ್ಲಿ ಇಲಿ ಹುಡುಕಿಕೊಂಡು ಬಂದಿರಬೇಕು.

ಮಲ್ಲವ್ವ ಮೂಲೆಯ ಅಂಟಿನ ಹಲಗೆಗಳತ್ತ ನೋಡಿದಳು.

ಸಾಕುವ ಹಾಗಿಲ್ಲ, ಅದು ಅಪರಾಧ, ಅರಣ್ಯ ಇಲಾಖೆಯವರಿಗೆ ನಾನು ತಿಳಿಸಿದ್ದೇನೆ, ನೀರು ಇಳಿದ ಕೂಡಲೆ ಬಂದು ಜನಾವರದ ಡಾಕ್ಟರ ಹತ್ತಿರ ಒಯ್ಯುತ್ತೇನೆ ಎಂದ ಸಂದೀಪ. ಅಲ್ಲಿಯವರೆಗೆ ಕತ್ತಲಲ್ಲಿ ಬೆಚ್ಚಗಿಡಿ. ಕುಡಿಯಲು ನೀರಿಡಿ, ಹಾಲಲ್ಲ. ತಿನ್ನಲು ಏನೂ ಹಾಕಬೇಡಿ. "ಕುಛ್ ಭೀ ನಹೀ" ಎಂದು ಎರಡು ಸಲ ಹೇಳಿದ.

ಹಿಟ್ಟಿನ ದೊಡ್ಡ ತಗಡಿನ ಡಬ್ಬಿ ಬರಿದು ಮಾಡಿ, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಮಲ್ಲವ್ವನ ಹಳೆ ಇಳಕಲ್ ಸೀರೆಯ ತುಂಡು ಹಾಸಿ ಹಾವನ್ನು ಅದರಲ್ಲಿಟ್ಟರು. ಸಂಜೆ ಮಲ್ಲವ್ವನ ಗಂಡ ಸಿದ್ದರಾಮಪ್ಪ ವಾಚ್‌ಮನ್ ಕೆಲಸ ಮುಗಿಸಿ ಬಂದ. ಸುದ್ದಿ ಕೇಳಿ ಕಾಲು ಮಂಚದ ಮೇಲೆತ್ತಿಕೊಂಡ.

"ಪಂಚಮಿ ಬಂತು ನೋಡು, ದೇವರು ಮನೀತನಕ ಬಂದಾನ. ಒಂದ ವಾಟಿ ಹಾಲ ಇಡು."

"ಕೇರೆ ಹಾವಿಗೆಲ್ಲಿ ಪಂಚಮಿರೀ? ಹಾಲು ಅದಕ್ಕ ವಿಷ ಇದ್ದಂಗಂತ" ಎಂದಳು ಮಲ್ಲವ್ವ.

"ಹಾಲು ಕುಡಿಯಂಗಿಲ್ಲ, ಕಚ್ಚಂಗಿಲ್ಲ. ಮತ್ತ ಯಾತರ ಹಾವು ಅದು?"

ಮಗ ಸಂತು ಕೈಕಾಲು ತೊಳೆದು ತಾಟಿನ ಮುಂದೆ ಕೂತ. "ಏನ್ ಬಾಣಂತನ ನಡಸೀರವ್ವಾ ಹಾವಿಂದು! ಎಣ್ಣಿ ಏನು, ಸೀರಿ ಏನು!"

ಅಂದ ಮೇಲೆ ತಾನು ಅಂದದ್ದೇನು ಎಂದು ತಿಳಿಯಿತು. ಅವನು ತಲೆ ತಗ್ಗಿಸಿ ರೊಟ್ಟಿ ಮುರಿದ. ಶೀತಲ ನೀರಿನ ತಂಬಿಗೆ ಇಟ್ಟು ಹೊರಗೆ ಹೋದಳು. ಗಂಡಸರ ಊಟ ಮುಗಿದ ಮೇಲೆಯೇ ಒಳಗೆ ಬಂದಳು.

ಎರಡು ದಿನ ಶೀತಲ ಹಾವಿನ ಸೇವೆ ಮಾಡಿದಳು. ರೊಟ್ಟಿ ಮುಗಿಸಿ, ಭಾಂಡೆ ತಿಕ್ಕಿ, ಬಟ್ಟೆ ಹಿಂಡಿ ಹಾಕಿ, ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೀರು ಬದಲಿಸುವಳು. "ನೀರ ಕುಡೀತ್ರಿ ಅತ್ತಿ" ಎಂದು ತಾನಾಗಿ ಬಂದು ಹೇಳಿದಳು. ಇನ್ನೊಮ್ಮೆ, "ನಾಲಿಗಿ ಹೊರಗ ತಗೀತು." ಮಲ್ಲವ್ವ ಹಿಟ್ಟು ಮಿದಿಯುತ್ತ "ಹೌದಾ? ಮತ್ತ?" ಎಂದಳು. ಹಾವು ಬದುಕಿದರೆ ಈ ಹುಡುಗಿ ಪಂಚಮಿಗೆ ಹೋದರೂ ತಿರುಗಿ ಬಂದಾಳು ಎಂದು ಒಳಗೊಳಗೇ ಒಂದು ಗಂಟು ಹಾಕಿಕೊಂಡಳು.

ಎರಡನೆಯ ದಿನ ಮಧ್ಯಾಹ್ನ ಅವಳು ಅದನ್ನು ನೋಡಿದಳು. ಶೀತಲ ಬಚ್ಚಲ ಮೋರಿಯಲ್ಲಿ ಬಗ್ಗಿ ಬಟ್ಟೆ ಒಗೆಯುತ್ತಿದ್ದಳು. ಮಳೆಗೆ ನೆನೆದ ರವಿಕೆ ಬೆನ್ನಿಗೆ ಅಂಟಿತ್ತು. ರವಿಕೆಯಡಿಯಲ್ಲಿ ಕುತ್ತಿಗೆಯಿಂದ ಸೊಂಟದವರೆಗೂ ಎಲುಬಿನ ಏಣು, ಅದರ ಎರಡೂ ಕಡೆ ಇಳಿಜಾರು.

ದಿನಾ ಪಕ್ಕದಲ್ಲಿ ಕೂತು ತಟ್ಟುವವಳ ಬೆನ್ನು. ಮಲ್ಲವ್ವ ಬಾಗಿಲ ಕಟ್ಟು ಹಿಡಿದು ನಿಂತಳು. ಒಲೆಯ ಹತ್ತಿರ ಬಂದು ಶೀತಲಳ ತಾಟು ತೆಗೆದು ನೋಡಿದಳು. ಅನ್ನ ಒಂದು ಹಿಡಿ, ಸಾರಿನ ತಳ. ರೊಟ್ಟಿ ಇರಲಿಲ್ಲ. ಯಾಕೆಂದರೆ ಅಂದು ಒಂದೂ ಹರಿದಿರಲಿಲ್ಲ. ಹೋದ ವಾರವೂ ಹರಿದಿರಲಿಲ್ಲ. ಆರು ತಿಂಗಳಿಂದ ಹರಿದಿಲ್ಲ. ನಾಲ್ಕು ತಿಂಗಳ ಬಸುರಿಯಾಗಿ ಆ ಒಲೆಯ ಮುಂದೆ ಕೂತಾಗಲೂ ಹರಿದಿರಲಿಲ್ಲ.

ಬಾಯಿ ಬಿಟ್ಟು ಹೇಳಬೇಕೆಂದರೆ ಏನು ಹೇಳುವುದು? ನಾಳೆಯಿಂದ ಇಡೀ ರೊಟ್ಟಿ ಉಣ್ಣು ಎಂದರೆ, ನಿನ್ನೆಯವರೆಗೆ ಯಾಕೆ ಕೊಡಲಿಲ್ಲ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಮಲ್ಲವ್ವ ತಾಟನ್ನು ಇದ್ದಲ್ಲೇ ಮುಚ್ಚಿಟ್ಟಳು. ಆ ರಾತ್ರಿಯ ಊಟವೂ ಎಂದಿನಂತೆಯೇ ಆಯಿತು.

ಮರುದಿನ ಶೀತಲ ಬುಟ್ಟಿ ಹೊತ್ತು ಖಾನಾವಳಿಗೆ ಹೋದ ಹೊತ್ತಿನಲ್ಲಿ ಕಸ್ತೂರಿಬಾಯಿಯ ಬೋನಿನಲ್ಲಿ ಒಂದು ಇಲಿ ಬಿದ್ದಿತು. ಗಟಾರದ ಇಲಿ, ಬೆಕ್ಕಿನ ಮರಿಯಷ್ಟು ದಪ್ಪ. ಮಲ್ಲವ್ವ ಬೋನು ಇಸಕೊಂಡು ಬಂದು ನೀರಿನ ಬಕೆಟ್ಟಿನಲ್ಲಿ ಅದ್ದಿದಳು. ತಿನ್ನಲು ಏನೂ ಹಾಕಬೇಡಿ ಎಂದ ಮಾತು ನೆನಪಿತ್ತು. ಆದರೆ ಹಸಿದ ಜೀವದ ಮುಂದೆ ಬರೀ ನೀರಿಟ್ಟು ಕೂರುವುದು ಅವಳ ನಾಡಿನಲ್ಲಿ ಇಲ್ಲ. ಅಲ್ಲಿ ಬಂದವರು ಸಾಕು ಸಾಕು ಎಂದು ತಾಟಿಗೆ ಕೈ ಅಡ್ಡ ಹಿಡಿದರೂ, ಬೆರಳ ಸಂದಿಯಲ್ಲೇ ತುಪ್ಪ ಸುರಿಯುತ್ತಾರೆ. ಗಂಡಸು ಏನು ಬಲ್ಲ, ಕಂಡಕ್ಟರು ಏನು ಬಲ್ಲ. ಸೊಸೆಯ ತಾಟಿಗೆ ಹಾಕಲಾರದೆ ಉಳಿದದ್ದನ್ನೆಲ್ಲ ಅವಳು ಆ ಸತ್ತ ಇಲಿಯೊಂದಿಗೆ ಡಬ್ಬಿಯೊಳಗೆ ಹಾಕಿದಳು.

ಹಾವು ಬಹಳ ಹೊತ್ತು ಸುಮ್ಮನಿತ್ತು. ಆಮೇಲೆ ತಲೆ ಹೊರಳಿಸಿತು, ಬಾಯಿ ತೆರೆಯಿತು. ಶೀತಲ ತಿರುಗಿ ಬಂದಾಗ ಇಲಿಯ ಬಾಲ ಮಾತ್ರ ಹೊರಗಿತ್ತು.

"ತಿಂತು ನೋಡವ್ವಾ! ತಿಂತು!" ಮಲ್ಲವ್ವನ ಕಣ್ಣಲ್ಲಿ ನೀರು.

ಶೀತಲ ಮುಚ್ಚಳದ ಸಂದಿಯಿಂದ ನೋಡಿದಳು. ಅವಳ ಮುಖದಲ್ಲಿ ಎಳೆ ನಗೆ ಮೂಡಿತು, ಹಾಗೆಯೇ ಆರಿತು. "ಅವರು ಹಾಕಬ್ಯಾಡ ಅಂದಿದ್ರಲ್ಲಾ ಅತ್ತಿ."

"ಹಸದದ್ದು ತಿಂದ್ರ ಏನಾಗ್ತೈತಿ? ಏನೂ ಆಗಂಗಿಲ್ಲ."

ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲೇ ವಾಸನೆ ಬಂತು. ಇಲಿ ಇಡಿಯಾಗಿ ಹಾವಿನ ಬಾಯಿಂದ ಹೊರಗೆ ಬಿದ್ದಿತ್ತು. ಅದರ ಪಕ್ಕದಲ್ಲಿ ಹಾವು ಇಳಕಲ್ ಸೀರೆಯ ಮೇಲೆ ಅಂಗಾತ ಸತ್ತು ಬಿದ್ದಿತ್ತು.

ಮಳೆ ಹೊಳವಾಗಿತ್ತು, ಲೋಕಲ್ ಬಿಟ್ಟಿದ್ದವು. ಒಂಬತ್ತಕ್ಕೆ ಸಂದೀಪ ಬಂದ. ಖಾಕಿ ಅಂಗಿಯಲ್ಲೇ ಕೂತು ಹಾವನ್ನು ಕೈಯಲ್ಲೆತ್ತಿ ನೋಡಿದ. ಬಯ್ಯಲಿಲ್ಲ. ಬಹಳ ದಿನ ಉಪವಾಸ ಬಿದ್ದ ಹೊಟ್ಟೆ ತಿನ್ನುವುದನ್ನೇ ಮರೆತಿರುತ್ತದೆ, ಮೊದಲು ನೀರು, ಆಮೇಲೆ ಬೆರಳ ತುದಿಯಷ್ಟು, ವಾರ ಬಿಟ್ಟು ಇನ್ನಷ್ಟು, ಹಾಗೆ ಕಲಿಸಬೇಕು ಎಂದ. ಒಮ್ಮೆಲೇ ಹಾಕಿದರೆ ಆ ಭಾರಕ್ಕೇ ಜೀವ ಹೋಗುತ್ತದೆ.

"ಕಿಸ್‌ನೇ ಖಿಲಾಯಾ?" ತಿನ್ನಿಸಿದ್ದು ಯಾರು ಎಂದು ಕೇಳಿದ.

ಮಲ್ಲವ್ವ ಬಾಯಿ ತೆರೆಯುವ ಮೊದಲೇ ಶೀತಲ ಹೇಳಿದಳು. "ಹಮ್‌ನೇ."

ನಾವು ಎಂದಳು. ಮಲ್ಲವ್ವನಿಗೆ ಅದು ಬೈಗುಳಕ್ಕಿಂತ ಹೆಚ್ಚು ನೋಯಿತು. ಸಂದೀಪ ಹಾವನ್ನು ಚೀಲದಲ್ಲಿ ಹಾಕಿಕೊಂಡು, ಇಲಾಖೆಗೆ ವರದಿ ಕೊಡಬೇಕೆಂದು ಒಯ್ದ. ಶೀತಲ ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಬೋರಲು ಹಾಕಿದಳು. ಆಮೇಲೆ ಬಂದು ತಟ್ಟಲು ಕೂತಳು. ಅಂದೂ ಒಂದೂ ಹರಿಯಲಿಲ್ಲ.

ಪಂಚಮಿಯ ಮುನ್ನಾದಿನ ಸುಭಾಷ ಬಂದ. ಶೀತಲಳ ಚೀಲ ಬಾಗಿಲಲ್ಲಿತ್ತು, ಸ್ವಲ್ಪ ದೊಡ್ಡ ಚೀಲ. ಮಲ್ಲವ್ವ ತಾಟಿನಲ್ಲಿ ಎರಡು ಇಡೀ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ತುಪ್ಪ ಸುರಿದು ತಂದಳು. "ಉಂಡು ಹೋಗವ್ವಾ."

"ಬ್ಯಾಡ್ರಿ ಅತ್ತಿ."

"ಒಂದಾರ ಉಣ್ಣು. ನನ್ನ ಮಾತು ಕೇಳು."

"ಹೋಗೂದಿಲ್ರಿ ಒಳಗ. ಹಸಿವಿ ಸತ್ತೈತಿ."

ಸುಭಾಷ ಹೊರಗೆ ರಿಕ್ಷಾ ತರಲು ಹೋಗಿದ್ದ. ಮಲ್ಲವ್ವ ತಾಟು ಹಿಡಿದೇ ನಿಂತಳು. ಅವಳಿಗೆ ತನ್ನ ಮೊದಲ ವರ್ಷಗಳು ನೆನಪಾದವು. ಅತ್ತೆ ಬೆನ್ನು ತಿರುಗಿಸಿದಾಗ ಬೇಯುವ ರೊಟ್ಟಿಗೆ ಹೆಬ್ಬೆರಳು ಒತ್ತುತ್ತಿದ್ದಳು. ದಿನಕ್ಕೆ ಎರಡು, ಹಸಿವಾದರೆ ಮೂರು. ನಿನ್ನ ಕೈ ಸುಮಾರು ಎಂದು ಮುದುಕಿ ಬಯ್ಯುವಳು, ಇವಳು ಬೈಸಿಕೊಂಡು ಉಣ್ಣುವಳು. ಎಲ್ಲ ಸೊಸೆಯರೂ ಹಾಗೆಯೇ ಬದುಕುತ್ತಾರೆಂದು ಅವಳು ತಿಳಿದಿದ್ದಳು.

"ನೀ ಒಂದೆರಡು ಹರಕೋಬೇಕಿತ್ತಲ್ಲ ಶೀತಲಾ" ಎಂದಳು, ಧ್ವನಿ ಅರ್ಧಕ್ಕೆ ಇಳಿದಿತ್ತು. "ಬೆರಳ ಒತ್ತಿ ಹರಕೋಬೇಕಿತ್ತು. ನಾ ಹಂಗ ಮಾಡತಿದ್ನಿ."

ಶೀತಲ ಅವಳತ್ತ ತಿರುಗಿದಳು. ಸಿಟ್ಟಿರಲಿಲ್ಲ.

"ನನಗ ಯಾರ ಹೇಳಿದ್ರು ಅತ್ತಿ? ನೀವು ಹರೀಬ್ಯಾಡ ಅಂದಿದ್ರಿ. ನಾ ಹರೀಲಿಲ್ಲ."

ರಿಕ್ಷಾ ಬಂತು.

ಪಂಚಮಿ ಹೋಗಿ ಹತ್ತು ದಿನವಾದರೂ ಶೀತಲ ಬರಲಿಲ್ಲ. ಸಂತು ಫೋನು ಮಾಡಿ ಎರಡು ಮಾತಾಡಿ ಇಟ್ಟ. "ಅವರವ್ವ ಕಳಸ್ತಿಲ್ಲ" ಎಂದ. ಹೋಗಿ ಕರೆದುಕೊಂಡು ಬಾ ಎಂದರೆ ಶೂಟಿಂಗ್ ಇದೆ ಎಂದ. ಹನ್ನೊಂದನೆಯ ದಿನ ಮಲ್ಲವ್ವ ಆರು ಚೆಂದದ ರೊಟ್ಟಿ ಬಿಳಿ ಅರಿವೆಯಲ್ಲಿ ಕಟ್ಟಿಕೊಂಡು, ವಡಾಳಾದಲ್ಲಿ ಗಾಡಿ ಬದಲಿಸಿ ಚೆಂಬೂರಿಗೆ ಹೋದಳು.

ಬಾಗಿಲು ತೆರೆದೇ ಇತ್ತು. ಶೀತಲ ನೆಲದ ಮೇಲೆ ತಾಟಿನ ಮುಂದೆ ಕೂತಿದ್ದಳು. ಗಂಡಸರು ಇನ್ನೂ ಮನೆಗೆ ಬಂದಿರಲಿಲ್ಲ, ಆದರೂ ಊಟಕ್ಕೆ ಕೂತಿದ್ದಳು. ತಾಟಿನಲ್ಲಿ ಒಂದು ರೊಟ್ಟಿ. ಸಣ್ಣ ಸಣ್ಣ ತುತ್ತು ಮುರಿದು, ಒಂದೊಂದನ್ನೂ ಬಹಳ ಹೊತ್ತು ಅಗಿಯುತ್ತಿದ್ದಳು. ರುಕ್ಮಿಣಿಬಾಯಿ ಎದುರಿಗೆ ಕೂತು ಕಾಯುತ್ತಿದ್ದಳು, ಮತ್ತೊಂದು ಹಾಕಲು ಕೈ ಮುಂದೆ ಮಾಡಲಿಲ್ಲ.

"ಬರ್ರಿ ಬೀಗತಿ" ಎಂದಳು. "ಕಾಲು ರೊಟ್ಟಿಲಿಂದ ಸುರು ಮಾಡೀವ್ರಿ. ಇವತ್ತ ಒಂದಕ್ಕ ಬಂದೈತಿ. ನಿಮ್ಮ ಮನ್ಯಾಗ ಜ್ವಾಳಕ್ಕೇನು ಬರಾ ಇತ್ತೇನ್ರಿ?"

ಮಲ್ಲವ್ವ ಅರಿವೆಯ ಗಂಟನ್ನು ತಾಟಿನ ಪಕ್ಕದಲ್ಲಿಟ್ಟಳು. ಶೀತಲ ಗಂಟು ಬಿಚ್ಚಿ ಮೇಲಿನ ರೊಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಎಲ್ಲಾದರೂ ಹರಿದಿದೆಯೇ ಎಂದು. ಎರಡು ವರ್ಷದ ರೂಢಿ. ಆಮೇಲೆ ಮತ್ತೆ ಅರಿವೆ ಮುಚ್ಚಿದಳು.

"ನಾ ಬರಂಗಿಲ್ರಿ ಅತ್ತಿ. ಅವರಿಗೆ ನೀವು ಹೇಳ್ರಿ."

"ಒಂದ ವರ್ಷ ಬಿಟ್ಟು?"

ಶೀತಲ ತುತ್ತು ಅಗಿದು ನುಂಗಿದಳು. "ಇಲ್ರಿ."

ಗೋರೆಗಾಂವಕ್ಕೆ ಬಂದಾಗ ಸಂಜೆಯಾಗಿತ್ತು. ಸಿದ್ದರಾಮಪ್ಪ, ಸಂತು ಇಬ್ಬರೂ ಕೂತಿದ್ದರು. "ಏನಂದ್ಲು?" ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ಮಲ್ಲವ್ವ "ಬರಂಗಿಲ್ಲಂತ" ಎಂದಳು. ಆಮೇಲೆ ಸಿದ್ದರಾಮಪ್ಪ ಗಂಟಲು ಸರಿಮಾಡಿಕೊಂಡು, "ಉಣ್ಣಾಕೇನೈತಿ?" ಎಂದ.

ಒಂದೇ ಕೈ ಈಗ. ಬೆಳಿಗ್ಗೆಯ ಗಡಿಬಿಡಿಯಲ್ಲಿ ಒಂಬತ್ತು ರೊಟ್ಟಿ ಹರಿದಿದ್ದವು. ಮಲ್ಲವ್ವ ಅವನ್ನು ತಂದು ಇಬ್ಬರ ತಾಟಿಗೂ ಹಾಕಿದಳು.

ಸಂತು ತಾಟು ನೋಡಿದ. "ಅವ್ವಾ, ಇವು ಹರದಾವಲ್ಲ."

"ಹೂಂ. ಇವತ್ತ ಅವ ಅದಾವ. ಉಣ್ರಿ."

ಅವಳು ಒಲೆಯ ಹತ್ತಿರ ಕೂತು, ಖಾನಾವಳಿಯ ಬುಟ್ಟಿಯಿಂದ ತೆಗೆದಿಟ್ಟಿದ್ದ ಒಂದು ಇಡೀ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಳು. ದುಂಡಗೆ, ತೆಳ್ಳಗೆ, ಎಲ್ಲೂ ಒಂದು ಕಲೆ ಇರಲಿಲ್ಲ. ಒಂದು ತುತ್ತು ಮುರಿದು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. ನೀರು ಕುಡಿದು ಇಳಿಸಿ ಎರಡನೆಯ ತುತ್ತು ಮುರಿದಳು. ಮೂಲೆಯಲ್ಲಿ ಹಿಟ್ಟಿನ ಡಬ್ಬಿ ಇನ್ನೂ ಬೋರಲೇ ಇತ್ತು, ತೂತಿನ ಮುಚ್ಚಳ ಅದರ ಪಕ್ಕದಲ್ಲಿ.